ಸ್ಟೇಷನ್ ಹಿಂದಿನ ಓಣಿಯ ಫೋಟೊಗಳು

ಯಾದಗಿರಿ ಸ್ಟೇಷನ್ನಿನ ಹಿಂದಿನ ನಮ್ಮ ಬಡಾವಣೆಯಲ್ಲಿ ರಸ್ತೆ ಅಗಲ ಮಾಡಲೆಂದು ಎರಡು ಸಾಲು ಮನೆಗಳಿಗೆ ಕೆಂಪು ಗುರುತು ಹಾಕಿದರು. ನಮ್ಮದೂ ಅದರಲ್ಲಿತ್ತು. ಹಕ್ಕುಪತ್ರ ಯಾರ ಬಳಿಯೂ ಇರಲಿಲ್ಲ. ಮನೆ ಉಳಿಯಬೇಕಾದರೆ ಬಹಳ ವರ್ಷದಿಂದ ಅಲ್ಲೇ ಇದ್ದೇವೆಂದು ನಗರಸಭೆಗೆ ತೋರಿಸಬೇಕಿತ್ತು. ನಾನು ಶಾಲೆಯಲ್ಲಿ ಕಲಿಸುವವಳು ಎಂದು ಹಳೆಯ ಫೋಟೊ ಕೂಡಿಸುವ ಕೆಲಸ ನನಗೆ ಬಂತು.

ಮನೆಮನೆಗೂ ಹೋದೆ. ಟ್ರಂಕಿನಿಂದ ತೆಗೆದು ಕೊಟ್ಟರು. ಮದುವೆ ಜೋಡಿ, ಜವಳದ ಮಗು, ಎಲ್ಲರೂ ಬಜಾರದ ಒಂದೇ ಸ್ಟುಡಿಯೋದಲ್ಲಿ, ಪರದೆಗೆ ಬರೆದ ಅದೇ ಜಲಪಾತದ ಮುಂದೆ ನಿಂತಿದ್ದರು. ನಮ್ಮ ಬಡಾವಣೆ ಎಲ್ಲೂ ಇರಲಿಲ್ಲ.

“ಮನಿ ಕಾಣೋದು ಒಂದೂ ಇಲ್ಲೇನ್ ಆಯಿ?” ಎಂದು ಎದುರುಮನೆಯ ಮುದುಕಿಯನ್ನು ಕೇಳಿದೆ.

“ಮನಿ ಫೋಟೊ ಯಾರ್ ತಗಸ್ತಾರವ್ವಾ? ಸತ್ತಾಗ ತಗಸಿದ್ದು ಅದ, ನೋಡು,” ಎಂದು ಗಂಡನದನ್ನು ಕೊಟ್ಟಳು.

ನಮ್ಮಲ್ಲಿ ತೀರಿಕೊಂಡವರನ್ನು ಬಾಗಿಲ ಮುಂದೆ ಕುರ್ಚಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೊ ತೆಗೆಸುವುದುಂಟು. ಕ್ಯಾಮೆರಾದವನು ನಮ್ಮ ಓಣಿಗೆ ಬರುತ್ತಿದ್ದುದು ಆಗ ಮಾತ್ರ. ಹನ್ನೊಂದು ಹೆಣಗಳ ಹಿಂದೆ ಓಣಿ ಸಿಕ್ಕಿತು: ಕಲ್ಲಿನ ಗೋಡೆ, ಇನ್ನೂ ಸಸಿಯಾಗಿದ್ದ ಬೇವು, ನಲ್ಲಿಯ ಮುಂದೆ ಸಾಲಾಗಿಟ್ಟ ಕೊಡಗಳು.

ನಮ್ಮಪ್ಪನದನ್ನು ಚಿಕ್ಕಂದಿನಿಂದ ಗೋಡೆಯ ಮೇಲೆ ನೋಡಿದ್ದೆ. ಅಪ್ಪನ ತಲೆಯನ್ನು ಹಿಂದಿನಿಂದ ಯಾರದೋ ಎರಡು ಕೈ ಹಿಡಿದಿದ್ದವು. ಕಚೇರಿಗೆ ಒಯ್ಯಲೆಂದು ಚೌಕಟ್ಟು ಬಿಚ್ಚಿದಾಗ, ಹಿಂದಕ್ಕೆ ಮಡಚಿದ್ದ ಫೋಟೊದ ಮೇಲಿನ ಭಾಗ ತೆರೆಯಿತು. ಅವ್ವ. ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ನೇರವಾಗಿ ಕ್ಯಾಮೆರಾ ನೋಡುತ್ತಿದ್ದಳು. ಆಗ ಅವಳಿಗೆ ನನ್ನ ಈಗಿನ ವಯಸ್ಸಿನ ಅರ್ಧ. ಅವಳು ಬದುಕಿದ್ದಾಗ ಆ ದಿನದ ಬಗ್ಗೆ ನಾನು ಒಂದು ಮಾತೂ ಕೇಳಿರಲಿಲ್ಲ.

ನಗರಸಭೆ ಕಚೇರಿಯಲ್ಲಿ ಫೋಟೊಗಳನ್ನು ಮೇಜಿನ ಮೇಲೆ ಜೋಡಿಸಿದೆ. ಸಾಹೇಬರು ಎರಡನ್ನು ನೋಡಿ ಮುಖ ತಿರುಗಿಸಿದರು.

“ಬರೇ ಸತ್ತವರದೇ ತಂದೀರಲ್ರಿ ಟೀಚರ್.”

“ಹಿಂದಿನ ಬಾಗಲಾ ನೋಡ್ರಿ ಸರ. ಅವೇ ನಮ್ಮ ಮನಿಗೋಳು.”

“ಇಂಥ ಬಾಗಲಾ ಎಲ್ಲಾ ಊರಾಗೂ ಅದಾವ್ರಿ. ತಾರೀಖಿಲ್ಲ, ಮನಿ ನಂಬರಿಲ್ಲ. ನಾ ಏನಂತ ಬರೀಲಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಫೋಟೊಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ವಾರ ಬುಲ್ಡೋಜರ್ ಬಂತು. ಮಧ್ಯಾಹ್ನದೊಳಗೆ ನಮ್ಮ ಸಾಲು ಮುಗಿಯಿತು. ನಾನು ಬಾಡಿಗೆ ಮನೆ ಹಿಡಿದೆ. ಕೆಲವರು ಗುರುಮಠಕಲ್ ಕಡೆ ಹೋದರು, ಕೆಲವರು ಎಲ್ಲಿ ಹೋದರೋ ತಿಳಿಯಲಿಲ್ಲ. ಎದುರುಮನೆಯ ಮುದುಕಿ ಶಹಾಪುರದ ಮಗಳ ಮನೆ ಸೇರಿದ್ದಳು. ಫೋಟೊ ಮರಳಿಸಲು ಹೋದರೆ ಅವಳು ಕೈ ಚಾಚಲಿಲ್ಲ.

“ಇಲ್ಲಿ ಎಲ್ಲಿ ತೂಗಹಾಕ್ಲಿ? ಇದು ಅಳಿಯನ ಮನಿ. ನಿನ್ನ ಬಲ್ಲೇ ಇರಲಿ ಬಿಡು.”

ಅವಳ ಗಂಡನನ್ನು ಚೀಲದಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.