ವಿಭೂತಿ ಹಚ್ಚಿಸಿಕೊಂಡ ಬೋರ್ಡು

ಸುರಪುರದ ನಮ್ಮ ಮನೆಯ ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಅಂಗೈಯಗಲದ ಒಂದು ಸುಟ್ಟ ಹಸಿರು ಸರ್ಕಿಟ್ ಬೋರ್ಡು ಇದೆ. ಇದು ಯಾವ ದೇವರೆಂದು ಬಂದವರು ಕೇಳಿದರೆ ನಕ್ಕು ಮಾತು ತೇಲಿಸುತ್ತೇನೆ. ನಿಮಗೆ ಹೇಳಬಹುದು.

ಹೆಂಡತಿ ನೀಲಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋದವು; ಬುದ್ಧಿ, ಮಾತು, ಸಿಟ್ಟು ಮಾತ್ರ ಮೊದಲಿನಂತೆಯೇ ಉಳಿದವು. ಬಂದವರಿಗೆಲ್ಲ ಕೇಳುವ ಮೊದಲೇ ಬಡಿಸಿದವಳು ಗುಟುಕು ನೀರಿಗೆ ನನ್ನನ್ನು ಕೂಗಲು ನಾಚಿ, ಬಾಯಾರಿಯೇ ಮಲಗಿರುತ್ತಿದ್ದಳು. ಅದನ್ನು ಕಂಡು, ಶಹಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮಗಳು ಗಿರಿಜಾ ಒಂದು ಪುಟ್ಟ ಗಾಡಿ ಮಾಡಿ ತಂದಳು. ಮಂಚದ ಬಳಿಯ ಗುಂಡಿ ಒತ್ತಿದರೆ, ಅಡುಗೆಮನೆಯಲ್ಲಿ ನಾನು ಅದರ ಮೇಲೆ ತುಂಬಿಟ್ಟ ಲೋಟ ಹೊತ್ತು ಅದು ತಾನೇ ಬರುತ್ತಿತ್ತು.

ಅದರ ಹೊಟ್ಟೆಯಲ್ಲಿ ಕೆಳಗೊಂದು ಅಂಗೈಯಷ್ಟೇ ಅಗಲದ ಕಂಪ್ಯೂಟರು, ಅದರ ಬೆನ್ನೇರಿ ಕುಳಿತ ಇನ್ನೊಂದು ಬೋರ್ಡು. "ಎತ್ತ ಹೋಗಬೇಕಂತ ಕೆಳಗಿಂದಕ್ಕ ಗೊತ್ತದ ಅಪ್ಪಾ. ಆದ್ರ ಮೋಟಾರ ತಿರುಗಿಸೋ ಕಸುವು ಅದಕ್ಕಿಲ್ಲ, ಅದನ್ನ ಕೊಡೋದು ಮ್ಯಾಲಿಂದು," ಎಂದಳು ಗಿರಿಜಾ. ನಾನು ಮಂಚದತ್ತ ನೋಡಿದೆ. ಎಲ್ಲ ಬಲ್ಲ ತಲೆ, ಏಳದ ಕೈ, ನಡುವೆ ಓಡಾಡುವ ನಾನು. ನನಗೆ ಆ ಮೇಲಿನ ಬೋರ್ಡಿನ ಮೇಲೆ ಒಡಹುಟ್ಟಿದವನ ಮಮತೆ ಹುಟ್ಟಿತು.

ಮಹಾನವಮಿ ಬಂತು. ದುಡಿಯುವ ವಸ್ತುವಿಗೆಲ್ಲ ಅಂದು ವಿಭೂತಿ ಹಚ್ಚುವುದು ನಮ್ಮ ವಾಡಿಕೆ. ಈಳಿಗೆಗೆ, ಒರಳಿಗೆ ನಾನು ಹಚ್ಚಿದೆ. ಗಾಡಿಗೆ ತಾನೇ ಹಚ್ಚುವೆನೆಂದು ನೀಲಮ್ಮ ಹಟ ಹಿಡಿದಳು. "ದುಡಿಯೋದು ಒಳಗಿಂದಲ್ಲೇನ್ರಿ? ಮುಚ್ಚಳಕ್ಕ್ಯಾಕ ಪೂಜಿ?" ಎನ್ನುತ್ತ ಎಡಗೈಯಿಂದಲೇ ಮುಚ್ಚಳ ತೆಗೆದು, ನೀರಲ್ಲಿ ತೇಯ್ದ ವಿಭೂತಿಯನ್ನು ಭಕ್ತಿಯಿಂದ ಮೂರು ಬೆರಳಲ್ಲಿ ಎಳೆದಳು. ಒಳಗೆ ವಿದ್ಯುತ್ತು ಹರಿಯುತ್ತಲೇ ಇತ್ತು. ಚಟ್ಟೆಂದಿತು, ಹೊಗೆಯೆದ್ದಿತು, ಗಾಡಿ ನಿಂತುಹೋಯಿತು.

"ಮಗಳು ಕೊಟ್ಟ ಕಾಲು ನಾನೇ ಸುಟ್ಟೆನಲ್ರಿ!" ಎಂದು ಅವಳು ಗೋಳಾಡಿ ಅತ್ತಳು. ಹಬ್ಬಕ್ಕೆ ಬಂದಿದ್ದ ಗಿರಿಜಾ ಬಿಚ್ಚಿ ನೋಡಿ, "ಅಳಬ್ಯಾಡ ಯವ್ವಾ, ಮ್ಯಾಲಿಂದಷ್ಟೇ ಸುಟ್ಟದ. ಕೆಳಗಿಂದು ಉಳದದ, ಬ್ಯಾರೆ ಬೋರ್ಡ ಹಾಕ್ತೀನಿ," ಎಂದಳು. ಸುಟ್ಟದ್ದನ್ನು ಎಸೆಯಲು ನೀಲಮ್ಮ ಬಿಡಲಿಲ್ಲ.

ಹೊಸ ಬೋರ್ಡು ಕೂಡಿಸಿದ ಮಧ್ಯಾಹ್ನ, ಜ್ವರದಿಂದ ನಾನು ಪಡಸಾಲೆಯಲ್ಲಿ ಬಿದ್ದುಕೊಂಡಿದ್ದೆ. ಗಂಟಲು ಒಣಗಿತ್ತು, ಏಳಲಾಗದವಳನ್ನು ಏನೆಂದು ಕೂಗಲಿ? ಗರಗರ ಸದ್ದಾಯಿತು. ಗಾಡಿ ಮಂಚದತ್ತ ಹೋಗದೆ ನನ್ನ ಹಾಸಿಗೆಯ ಬಳಿ ಬಂದು ನಿಂತಿತು. ಅವ್ವ ಹೇಳಿದಳೆಂದು ಮಗಳು ಲೋಟ ತುಂಬಿಟ್ಟು, ಗಾಡಿಯನ್ನು ನನ್ನತ್ತ ಕಳಿಸುವ ಎರಡನೆಯ ಗುಂಡಿಯನ್ನೂ ಅವಳ ಮಂಚದ ಬಳಿ ಇಟ್ಟುಹೋಗಿದ್ದಳು.

"ಕೂಗಾಕ ನಾಚಿಕಿ ಬರ್ತದ, ನನಗ ಗೊತ್ತದ. ಕುಡೀರಿ," ಎಂದಳು ನೀಲಮ್ಮ ಒಳಗಿನಿಂದ.

ಈಗ ದಿನವೂ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಿಗೆ ಉಳಿದದ್ದನ್ನು ಜಗುಲಿಯ ಮೇಲಿನ ಬೋರ್ಡಿಗೆ ಎಳೆಯುತ್ತೇನೆ. ದುಡಿದ ವಸ್ತುವಲ್ಲವೇ.