ಒಂದು ಕೊಡ, ಒಂದು ಕ್ಯಾನು

ನವಲಗುಂದದ ಕಡೆಯ ನಮ್ಮೂರಿನಲ್ಲಿ ಬೋರಿನ ನೀರು ಉಪ್ಪು. ಭಾಂಡೆ ತಿಕ್ಕಲು, ಬಚ್ಚಲಿಗೆ ಅದು ನಡೆಯುತ್ತದೆ. ಕುಡಿಯುವ ನೀರನ್ನು ಹೊತ್ತೇ ತರಬೇಕು. ಮೊದಲು ಎಲ್ಲರ ಮನೆಗೂ ಕೆರೆಯ ನೀರೇ ಬರುತ್ತಿತ್ತು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಫಿಲ್ಟರ್ ನೀರಿನ ಘಟಕ ಬಂತು. ಊರ ಹೆಂಗಸರ ಕಷ್ಟ ಅರ್ಧಕ್ಕೆ ಇಳಿಯಿತು, ನನ್ನದು ಮಾತ್ರ ಎರಡರಷ್ಟಾಯಿತು.

ಯಾಕೆಂದರೆ ನನ್ನ ಅತ್ತೆ ಫಿಲ್ಟರ್ ನೀರನ್ನು ಬಾಯಿಗೆ ಹಾಕುವುದಿಲ್ಲ, ನನ್ನ ಮಗಳು ಕೆರೆಯ ನೀರನ್ನು ಮುಟ್ಟುವುದಿಲ್ಲ. ಕೆರೆ ಊರಿನ ಆ ತುದಿಗೆ, ಘಟಕ ಈ ತುದಿಗೆ. ಅದನ್ನು ಅಲ್ಲಿ ಕೂರಿಸಿದವರಿಗೆ ನನ್ನ ಮೇಲೆ ಏನು ಸಿಟ್ಟಿತ್ತೋ. ಬೆಳಗಾಗೆದ್ದು ಕೊಡ ಹೊತ್ತು ಕೆರೆಗೆ ಹೋಗಿ, ಮೆಟ್ಟಿಲಿಳಿದು, ಅರಿವೆಯಲ್ಲಿ ಸೋಸಿ ತುಂಬಿ ತರುವುದು. ಅದನ್ನಿಳಿಸಿ, ಪ್ಲಾಸ್ಟಿಕ್ ಕ್ಯಾನು ಹಿಡಿದು ಘಟಕದ ಪಾಳಿಯಲ್ಲಿ ನಿಲ್ಲುವುದು. ನಮ್ಮ ಮನೆಯವರು ಅಷ್ಟು ಹೊತ್ತಿಗೆ ಹೊಲದಲ್ಲಿರುತ್ತಾರೆ. ಅವರಿಗೆ ಚಹಾ ಒಂದು ಸಿಕ್ಕರೆ ಆಯಿತು, ನೀರು ಯಾವುದಾದರೇನು.

ಮಗಳು ನವಲಗುಂದದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅಜ್ಜಿಯನ್ನು ಅವಳು ಕರೆಯುವುದು ಆಯಿ ಎಂದು. ಬಾಟಲಿ ತುಂಬಿಕೊಳ್ಳುವಾಗ ದಿನಾ ಒಂದು ಕೊಂಕು ಇದ್ದದ್ದೇ.

"ಆಯಿ, ನಿನ್ನ ಕೆರ್ಯಾಗ ಹುಳಾ ಅದಾವು."

"ಅದ ಹುಳದ ನೀರ ಕುಡದ ನಿಮ್ಮಪ್ಪನ್ನ ಹಡದೇನಿ. ಅವಾ ಏನ್ ಹುಳಾ ಆಗ್ಯಾನೇನ?"

"ಸ್ವಲ್ಪ ಹಂಗ ಕಾಣ್ತಾನಬೇ."

"ನಿನ್ನ ಫಿಲ್ಟರ್ ನೀರಿಗೆ ರುಚಿನ ಇಲ್ಲ. ಕುಡದ್ರ ಕುಡದಂಗ ಆಗೂದಿಲ್ಲ."

ಹೀಗೆ ಕಚ್ಚಾಡಿದವರು ಮರುಗಳಿಗೆಗೆ ಕಟ್ಟೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಕುಳಿತಿರುತ್ತಿದ್ದರು, ಅತ್ತೆ ಮೊಮ್ಮಗಳಿಗೆ ಜಡೆ ಹಾಕುತ್ತ. ಜಗಳ ಅವರದು, ಜಡೆ ಅವರದು, ಹೆಗಲು ನನ್ನದು.

ಮಗಳು ಗೆಳತಿಯರ ಮುಂದೆ ಫೋನಿನಲ್ಲಿ "ನಮ್ಮ ಮುದುಕಿ" ಎನ್ನುತ್ತಾಳೆ. ನಾನು ಗಡಬಡಿಸಿ ಅತ್ತೆಯ ಮುಖ ನೋಡುತ್ತೇನೆ, ಅವರು ಬೊಚ್ಚುಬಾಯಿ ತೆರೆದು ನಗುತ್ತಾರೆ. ನಾನು ಈ ಮನೆಗೆ ಬಂದಾಗ ಅವರೆದುರು ಕಾಲು ಚಾಚಿ ಕೂತವಳಲ್ಲ. ಈ ಹುಡುಗಿ ಅವರ ತೊಡೆಯ ಮೇಲೆ ಕಾಲು ಹಾಕಿಕೊಂಡು ಮೊಬೈಲ್ ನೋಡುತ್ತಾಳೆ, ಅವರು ಆ ಕಾಲನ್ನು ಒತ್ತುತ್ತಾರೆ! ಈಗಿನ ಹುಡುಗರಿಗೆ ಹಿರಿಯರೆಂದರೆ ಕಿಮ್ಮತ್ತಿಲ್ಲ ಎಂದು ಕೆರೆಯ ದಂಡೆಯಲ್ಲಿ ನನ್ನ ವಾರಿಗೆಯವರು ಗೊಣಗುವಾಗ ನಾನೂ ಹೂಂ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ಅತ್ತೆಗೆ ಹೆದರಿ ಹರೆಯ ಕಳೆದೆ, ಈಗ ಮಗಳಿಗೆ ಹೆದರಿ ಮುದುಕಿಯಾಗುತ್ತಿದ್ದೇನೆ. ಅವರಿಬ್ಬರಿಗೆ ಮಾತ್ರ ಒಬ್ಬರ ಹೆದರಿಕೆ ಒಬ್ಬರಿಗಿಲ್ಲ.

ಈ ವರ್ಷ ಹೊಲದ ಉಳ್ಳಾಗಡ್ಡಿ ಕಿತ್ತ ಮೇಲೆ ಬಲಗಡೆಯ ಹೆಗಲು ಹಿಡಿಯಿತು. ತುರುಬು ಕಟ್ಟಲು ಕೈ ಮೇಲೇಳದು. ಭಾರ ಎತ್ತಬೇಡಿ ಎಂದರು ಡಾಕ್ಟರು. ಯಾರ ಮುಂದೆ ಹೇಳಲಿ? ಕೊಡವನ್ನು ಎಡಕ್ಕೆ ಬದಲಿಸಿದೆ. ಹೇಳಿದರೆ ಇಬ್ಬರಲ್ಲಿ ಒಬ್ಬರ ನೀರು ತಪ್ಪಿಸಬೇಕಾಗುತ್ತದೆ, ಯಾರದ್ದು ತಪ್ಪಿಸಲಿ ಎಂಬುದೇ ನನಗೆ ದೊಡ್ಡ ಚಿಂತೆ.

ಒಂದು ಬೆಳಿಗ್ಗೆ ಹೊಸ್ತಿಲು ದಾಟುವಾಗ ಕೊಡ ಕೈಜಾರಿ ಬಿತ್ತು. ಸದ್ದಿಗೆ ಇಬ್ಬರೂ ಓಡಿಬಂದರು. ನಾನು ಒದ್ದೆ ಹೊಸ್ತಿಲ ಮೇಲೆಯೇ ಕುಕ್ಕರಿಸಿದೆ. ಬಾಯಿಗೆ ಬಂದದ್ದು ನನಗೇ ಗೊತ್ತಿಲ್ಲದಂತೆ ಬಂತು.

"ಇಬ್ಬರೂ ಒಂದ ನೀರ ಕುಡದ್ರ ನಿಮ್ದೇನ್ ಗಂಟ ಹೋಗ್ತೈತ್ರಿ? ನಿಮ್ಮ ನಾಲಿಗಿ ಸಲುವಾಗಿ ನನ್ನ ಹೆಗಲು ಹೋತು."

ಅತ್ತೆ ಗಲ್ಲಕ್ಕೆ ಕೈ ಹಚ್ಚಿ ನಿಂತರು. "ಅಯ್ಯ, ಇದ ಬೇಕಂತ ನಾ ಯಾವಾಗ ಹಟಾ ಹಿಡದೆ? ನೀ ತರ್ತಿದ್ದಿ, ನಾ ಕುಡೀತಿದ್ದೆ. ಈ ಹುಡುಗಿ ಜೋಡಿ ಮಾತಾಡಾಕ ಒಂದ್ ನೆವಾ ಬೇಕಲ್ಲ."

ಮಗಳು ತಲೆ ತಗ್ಗಿಸಿದಳು. "ಕಾಲೇಜಿನ್ಯಾಗ ಬಾಟ್ಲಿ ಖಾಲಿ ಆದ್ರ ನಳದ ನೀರ ಕುಡೀತೇನಿ ಯವ್ವಾ. ಆಯಿನ್ನ ಕಾಡಸಾಕ ಹಂಗಂತಿದ್ದೆ."

ಸಿಟ್ಟು ನೆತ್ತಿಗೇರಿತು. ಅವರ ಚೇಷ್ಟೆಯನ್ನು ನಾನು ಇಷ್ಟು ವರ್ಷ ತಲೆಯ ಮೇಲೆ ಹೊತ್ತು ತಿರುಗಿದೆನಲ್ಲ! ಬೈಯೋಣವೆಂದರೆ ಎರಡು ನೀರು ತಾ ಎಂದು ಅವರು ಕೇಳಿರಲಿಲ್ಲ, ಬೇಕೇನು ಎಂದು ನಾನೂ ಕೇಳಿರಲಿಲ್ಲ. ಸೆರಗು ಮುಖಕ್ಕೆ ಹಿಡಿದು ಅತ್ತುಬಿಟ್ಟೆ.

ಆ ದಿನ ಮಗಳು ಕಾಲೇಜಿಗೆ ಹೋಗಲಿಲ್ಲ. ಹೋಗಿ ಕ್ಯಾನು ತುಂಬಿ ತಂದಳು, ಕೆರೆಗೂ ಹೋಗಿಬಂದಳು. ಅತ್ತೆ ನನ್ನ ಹೆಗಲಿಗೆ ಎಣ್ಣೆ ತಿಕ್ಕಿದರು. ಇನ್ನು ಮೇಲೆ ಮನೆಗೆ ಒಂದೇ ನೀರು, ಅದನ್ನು ಮಗಳೇ ತರುವುದು ಎಂದು ಇಬ್ಬರೂ ಸೇರಿ ಠರಾಯಿಸಿದರು. ಯಾವ ನೀರು ಎಂಬಲ್ಲಿ ಮತ್ತೆ ಶುರುವಾಯಿತು. ಈಗ ಮುದುಕಿ ಫಿಲ್ಟರ್ ಇರಲಿ ಎನ್ನುತ್ತಾರೆ, ಹುಡುಗಿ ಕೆರೆಯದೇ ತರುತ್ತೇನೆ ಎನ್ನುತ್ತಾಳೆ. ಬೇಸತ್ತು ಕಣ್ಣು ಮುಚ್ಚಿ ಗೋಡೆಗೊರಗಿದೆ.

"ನೀನ ಹೇಳಬೇ," ಎಂದಳು ಮಗಳು ನನ್ನ ಕಡೆ ತಿರುಗಿ. "ನಿನಗ್ಯಾವ ನೀರ ಸೇರ್ತಾವು?"

"ಯಾವುದಾದ್ರೂ ನಡೀತೈತಿ."

"ಹಂಗನ್ನಂಗಿಲ್ಲ."

ಕೊಡದ ತಳದಲ್ಲಿ ಉಳಿದರೆ ಅದು, ಕ್ಯಾನಿನಲ್ಲಿ ಉಳಿದರೆ ಇದು, ಒಲೆಯ ಮುಂದೆ ನಿಂತಲ್ಲೇ ಕುಡಿದು ಕೆಲಸಕ್ಕೆ ಹೊರಳಿದವಳು ನಾನು. ಅತ್ತೆ ಎದ್ದು ಹೋಗಿ ಎರಡು ಲೋಟ ತುಂಬಿ ತಂದು ನನ್ನ ಮುಂದಿಟ್ಟರು. ಒಂದನ್ನು ಕುಡಿದೆ, ಇನ್ನೊಂದನ್ನೂ ಕುಡಿದೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ರುಚಿಯ ಫರಕು ನನಗೇನೂ ತಿಳಿಯಲಿಲ್ಲ. ಬಾಯಾರಿದೆ ಎಂಬುದಷ್ಟೇ ತಿಳಿಯಿತು.

"ಇನ್ನೊಂದ್ ಲೋಟ ಕೊಡ್ರಿ," ಎಂದೆ.