ಮೂವತ್ತು ಹೆಜ್ಜೆಯ ಎತ್ತು

ನಾನು ಮದುವೆಯಾಗಿ ಉಡುಮಲೈಪೇಟೆ ಹತ್ತಿರದ ತೋಟಕ್ಕೆ ಬಂದಾಗ ಬಾವಿಯಲ್ಲಿ ಇನ್ನೂ ಕಪಿಲೆಯೇ ಇತ್ತು. ಜೋಡೆತ್ತು ಇಳಿಜಾರಿನಲ್ಲಿ ಮೂವತ್ತು ಹೆಜ್ಜೆ ಇಳಿದರೆ ತೊಗಲಿನ ಬಾನಿ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಆಮೇಲೆ ಅವು ಮುಖ ತಿರುಗಿಸದೆ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಮೇಲೇರಬೇಕು. ಹೊಡೆಯುತ್ತಿದ್ದವರು ನಮ್ಮ ಮಾವ. ಇಳಿಯುವಾಗ ಹಗ್ಗದ ಮೇಲೆ ಕೂತು ಮೊಳೆಯಿದ್ದ ಕೋಲಿನಿಂದ ತಿವಿಯುತ್ತಿದ್ದರು, ಏರುವಾಗ "ಹಿಂದ್ಕ ಬಾ, ಹಿಂದ್ಕ ಬಾ" ಅನ್ನುತ್ತಿದ್ದರು. ಕಣ್ಣು ಎತ್ತಿನ ಬೆನ್ನ ಮೇಲಿದ್ದರೂ ಅವರ ಕಿವಿಯೆಲ್ಲ ಬಾವಿಯ ನೀರಿನ ಸದ್ದಿನ ಕಡೆಗೇ.

ಆ ಎತ್ತುಗಳಿಗೆ ಹೆಸರೂ ಇರಲಿಲ್ಲ. ಎಡದ್ದು, ಬಲದ್ದು, ಅಷ್ಟೇ. ಅಯ್ಯೋ ಪಾಪ ಅಂದವರನ್ನು ನಾನು ಕಾಣೆ. ನಾನೂ ಅಂದವಳಲ್ಲ. ಹತ್ತಿಗೆ ನೀರು ಬೇಕಿತ್ತಲ್ಲ!

ಮೂವತ್ತರ ದಶಕದ ಕೊನೆಗೆ ನಮ್ಮ ಕಡೆಗೂ ಕರೆಂಟು ಬಂತು, ಬಾವಿಗೆ ಮೋಟಾರು ಕೂತಿತು. ಅತ್ತೆ ಮೋಟಾರಿಗೆ ಅರಿಶಿನ ಕುಂಕುಮ ಹಚ್ಚಿ ಕರ್ಪೂರ ಬೆಳಗಿದರು, ಎತ್ತುಗಳ ಕಡೆ ತಿರುಗಿಯೂ ನೋಡಲಿಲ್ಲ. ಬಲದ್ದು ಇನ್ನೂ ಗಟ್ಟಿಯಾಗಿತ್ತು, ನೇಗಿಲಿಗೆ ಹೋಯಿತು. ವಯಸ್ಸಾದ ಎಡದ್ದು ಗೋದಲಿಯ ಮುಂದೆ ಸುಮ್ಮನೆ ನಿಂತಿತು.

ಕಲಗಚ್ಚು ಇಡಲು ಹೋಗುತ್ತಿದ್ದ ನಾನು ಆಗಲೇ ಅದರ ಮುಖ ನೋಡಿದ್ದು. ದುಡಿಯುತ್ತಿದ್ದಾಗ ಅದಕ್ಕೂ ಪುರುಸೊತ್ತಿರಲಿಲ್ಲ, ನಮಗೂ ಇರಲಿಲ್ಲ. ಈಗ ನನ್ನ ಬಳೆಯ ಸದ್ದಿಗೆ ಕಿವಿ ನಿಮಿರಿಸುತ್ತಿತ್ತು, ಒರಟು ನಾಲಗೆಯಿಂದ ಮುಂಗೈ ನೆಕ್ಕುತ್ತಿತ್ತು. ನನಗೆ ಅದರ ಹುಚ್ಚು ಹಿಡಿಯಿತು ಅಂತಲೇ ಇಟ್ಟುಕೊಳ್ಳಿ.

ದಂಡಕ್ಕೆ ಮೇವು ಹಾಕುವುದು ಮಾವನಿಗೆ ಸರಿಬರಲಿಲ್ಲ. ಒಂದು ದಿನ ಹತ್ತಿ ಮೂಟೆ ಹೇರಿದ ಒಂಟೆತ್ತಿನ ಗಾಡಿಗೆ ಅದನ್ನು ಕಟ್ಟಿದರು. ಎತ್ತು ಜಂಬದಿಂದ ಮೂವತ್ತು ಹೆಜ್ಜೆ ನಡೆಯಿತು, ನಿಂತಿತು, ಹಾಗೇ ಹಿಂದೆ ಹಿಂದೆ ಬರತೊಡಗಿತು. ಗಾಡಿ ಮೂಟೆ ಸಮೇತ ಕಳ್ಳಿಬೇಲಿಗೆ ನುಗ್ಗಿತು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಬಾಗಿಲ ಮರೆಯಲ್ಲಿ ನಕ್ಕೆ.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಮುಖ ಕೆಂಪಗೆ ಮಾಡಿಕೊಂಡ ಮಾವ ದಲ್ಲಾಳಿಗೆ ಹೇಳಿಕಳಿಸಿದರು. ಎಳೆಯಲಾರದ ಎತ್ತನ್ನು ಆ ದಲ್ಲಾಳಿ ಎಲ್ಲಿಗೆ ಸಾಗಿಸುತ್ತಾನೆಂದು ಎಲ್ಲರಿಗೂ ಗೊತ್ತು, ಕತ್ತಿಗೇ. ಸೊಸೆಯಾದವಳು ಮಾವನೊಡನೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಗಂಡನಿಗೆ ಹೇಳಿದೆ. ಅಪ್ಪನ ಎದುರು ಬಾಯಿ ತೆರೆಯುವ ಧೈರ್ಯ ಅವರಿಗೂ ಇಲ್ಲ. ಆ ದಿನ ನನಗೆ ಅನ್ನ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ದಲ್ಲಾಳಿ ಬಂದು ಹಗ್ಗ ಹಿಡಿದು ಹೊರಟ. ಮಾವ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದರು. ಎತ್ತು ಮೂವತ್ತು ಹೆಜ್ಜೆ ಹೋಗಿ ನಿಂತಿತು. ದಲ್ಲಾಳಿ ಜಗ್ಗಿದ, ಬೈದ, ಅದು ಅಲುಗಲಿಲ್ಲ. ಅಷ್ಟರಲ್ಲಿ ಮಾವನ ಬಾಯಿಂದ ಅಭ್ಯಾಸಬಲದಿಂದ ಬಂದೇಬಿಟ್ಟಿತು, "ಹಿಂದ್ಕ ಬಾ."

ಎತ್ತು ಬಂತು. ದಲ್ಲಾಳಿಯನ್ನೂ ಎಳೆದುಕೊಂಡು, ಹಿಮ್ಮುಖವಾಗಿ, ಮಾವನ ಎದೆಯವರೆಗೂ ಬಂತು. ತಡೆಯಲು ಚಾಚಿದ ಅವರ ಕೈ ಅದರ ಪಿರ್ರೆಯ ಮೇಲೆ ಬಿತ್ತು. ಅಲ್ಲಿ ಕೂದಲೇ ಇರಲಿಲ್ಲ, ಬರೀ ಗಂಟುಗಟ್ಟಿದ ಕಲೆಗಳು. ಮಾವ ಕೈ ತೆಗೆಯಲಿಲ್ಲ.

"ಇಷ್ಟೂ ನಾನೇನಾ ತಿವಿದದ್ದು?" ಅಂದರು.

ಕೊಡುವುದಿಲ್ಲವೆಂದು ಹೇಳಿ ದಲ್ಲಾಳಿಯನ್ನು ಸಾಗಹಾಕಿದರು. ಆಮೇಲೆ ಬಾಗಿಲ ಮರೆಯಲ್ಲಿ ನೋಡುತ್ತಿದ್ದ ನನ್ನ ಕಡೆ ತಿರುಗಿ ಬೇವಿನೆಣ್ಣೆ ತರಲು ಹೇಳಿದರು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತದು. ನಾನು ಓಡಿದೆ. ಅಷ್ಟು ಹಳೆಯ ಕಲೆಗೆ ಎಣ್ಣೆಯಿಂದ ಏನೂ ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೂ ಆ ದಿನ ಮೋಟಾರು ಹತ್ತಿಗೆಲ್ಲ ನೀರುಣಿಸಿ ನಿಲ್ಲುವವರೆಗೂ ಹಚ್ಚುತ್ತಲೇ ಇದ್ದರು.